ಅರವತ್ತು ಖಾಲಿ ಕುರ್ಚಿಗಳು

ಮುನ್ನೂರ ಹನ್ನೆರಡು ಜನರಿಗೆ ಪತ್ರ ಬರೆದು ಒಬ್ಬರಿಂದಲೂ ಉತ್ತರ ಬರದಿದ್ದರೆ ನಿಮಗೆ ಹೇಗನ್ನಿಸುತ್ತದೋ ಗೊತ್ತಿಲ್ಲ, ನನಗಂತೂ ಮೈಯೆಲ್ಲ ಉರಿದುಹೋಯಿತು. ಬರೆದದ್ದು ಒಂದಲ್ಲ, ನಾಲ್ಕು ಇಮೇಲ್. ಮೊದಲನೆಯದನ್ನು ಮರ್ಯಾದೆಯಿಂದ ಬರೆದೆ. ಎರಡನೆಯದರಲ್ಲಿ ಬೇಡಿಕೊಂಡೆ. ಮೂರನೆಯದರಲ್ಲಿ ನಮ್ಮ ಶಾಲೆ, ನಮ್ಮ ಗುರುಗಳು, ನಮ್ಮ ನೀಲಿ ಸಮವಸ್ತ್ರ ಎಲ್ಲವನ್ನೂ ಎಳೆದುತಂದು ಅವರ ಮನಸ್ಸಿಗೆ ಚುಚ್ಚಲು ನೋಡಿದೆ. ನಾಲ್ಕನೆಯದು ಶುದ್ಧ ಬೈಗುಳ. ಗುಂಪಿನ ಪತ್ರವೆಂದು ಅಸಡ್ಡೆ ಮಾಡುತ್ತಿದ್ದಾರೇನೋ ಎಂದು ಅದನ್ನು ನನ್ನ ಸ್ವಂತ ವಿಳಾಸದಿಂದಲೇ ಎಲ್ಲರಿಗೂ ಒಟ್ಟಿಗೆ ಕಳುಹಿಸಿದೆ. ಬೈಗುಳಕ್ಕಾದರೂ ಯಾರಾದರೂ ತಿರುಗಿ ಬೈಯಬೇಕಿತ್ತಲ್ಲ? ಅದೂ ಇಲ್ಲ. ಮರುದಿನ ನೋಡಿದರೆ ನನ್ನ ಇಮೇಲ್ ಪೆಟ್ಟಿಗೆಯೇ ತೆರೆಯಲಿಲ್ಲ. ಸಿಟ್ಟಿನಲ್ಲಿ ಗುಪ್ತಪದ ಮರೆತಿದ್ದೇನೆ ಅಂದುಕೊಂಡೆ.

ನನ್ನ ಹೆಸರು ಅಸೇಯೆ. ವೋಲ್ಟಾ ಸೀಮೆಯ ಹೋ ಎಂಬ ಪಟ್ಟಣದ ಆಸ್ಪತ್ರೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದೇನೆ. ಕೇಟಾ ಕಡೆಯ ಕಡಲದಂಡೆಯಲ್ಲಿ ನಮ್ಮ ಸೂಲಗಿತ್ತಿ ಶಾಲೆ ಇತ್ತು. ಅಲ್ಲಿ ಕಲಿತವರೆಲ್ಲ ಸೇರಿ ಮಾಡಿಕೊಂಡ ಸಂಘಕ್ಕೆ ನಾನು ಕಾರ್ಯದರ್ಶಿ. ಶಾಲೆ 'ಇತ್ತು' ಎಂದದ್ದು ಸುಮ್ಮನೆ ಅಲ್ಲ. ಕಡಲು ವರ್ಷಕ್ಕಿಷ್ಟು ಎಂದು ದಂಡೆಯನ್ನು ತಿನ್ನುತ್ತ ಬಂದು ಮೊದಲು ಅಡುಗೆಮನೆಯನ್ನು, ಆಮೇಲೆ ದಾಖಲೆಗಳ ಕೋಣೆಯನ್ನು ನುಂಗಿತು. ನಾವು ಕಲಿತದ್ದಕ್ಕೆ ಈಗ ಇರುವ ಸಾಕ್ಷಿ ನಾವೇ.

ಇದೇ ಕಾಫುಯಿಯ ಕುತ್ತಿಗೆಗೆ ಬಂದಿತ್ತು. ಕಾಫುಯಿ ನನಗಿಂತ ಒಂದು ವರ್ಷ ಹಿರಿಯಳು. ವೋಲ್ಟಾ ಸರೋವರದ ದಂಡೆಯ ಅಗೋರ್ಕೊಪೆ ಎಂಬ ಮೀನುಗಾರರ ಕೇರಿಯಲ್ಲಿ ಒಂದು ಕೋಣೆಯ ದವಾಖಾನೆ ನಡೆಸುತ್ತಾಳೆ. ಆ ದಂಡೆಯಲ್ಲಿ ದೋಣಿಯಲ್ಲಿ ಅರ್ಧ ದಿನ ಹೋದರೂ ಇನ್ನೊಬ್ಬಳು ಸೂಲಗಿತ್ತಿ ಸಿಗುವುದಿಲ್ಲ. ಅವಳಿಗೆ ನಮ್ಮೂರಿನ ಸೂಲಗಿತ್ತಿಯರ ನೋಂದಣಿ ಕಚೇರಿಯಿಂದ ಕಾಗದ ಬಂದಿತ್ತು. ಪುಸ್ತಕದಲ್ಲಿ ಸತ್ತವರ ಹೆಸರೇ ತುಂಬಿದೆಯಂತೆ, ಅದನ್ನು ಶುಚಿ ಮಾಡುತ್ತಾರಂತೆ. ಶಾಲೆಯ ದಾಖಲೆ ಇಲ್ಲದವರು ಅದೇ ತರಗತಿಯಲ್ಲಿ ಕಲಿತ ಇಬ್ಬರನ್ನು ಕರೆತಂದು ಸಾಕ್ಷಿ ಹಾಕಿಸಬೇಕು; ಒಂದು ವರ್ಷ ಕಿರಿಯಳಾದ ನನ್ನ ಸಾಕ್ಷಿ ನಡೆಯದು. ಶುಕ್ರವಾರ ಮಧ್ಯಾಹ್ನ ಹನ್ನೆರಡರ ಒಳಗೆ ಆಗದಿದ್ದರೆ ಹೆಸರು ಕಿತ್ತುಹಾಕುತ್ತಾರೆ. ಹೆಸರು ಹೋದರೆ ದವಾಖಾನೆಗೆ ಬೀಗ.

ಸತ್ತವರನ್ನು ಕಿತ್ತುಹಾಕುವುದು! ಆ ಮಾತಿಗೇ ನನಗೆ ಮೊದಲು ಸಿಟ್ಟು ಬಂದದ್ದು. ನಮ್ಮ ಸಂಘದಲ್ಲಿ ಯಾರು ಸತ್ತರೂ ಹೆಸರು ತೆಗೆಯುವುದಿಲ್ಲ. ವರ್ಷದ ಸಭೆಯಲ್ಲಿ ಹಾಜರಿ ಕೂಗುವಾಗ ಸತ್ತವರನ್ನೂ ಕೂಗುತ್ತೇವೆ. ಆಗ ಎಲ್ಲರೂ ಒಟ್ಟಿಗೆ "ಇದ್ದಾಳೆ" ಅನ್ನುತ್ತೇವೆ. ನಮ್ಮ ಅಧ್ಯಕ್ಷೆ ಮೇಡಂ ಫಿಡೆಲಿಯಾ ಹಾಕಿಕೊಟ್ಟ ಪದ್ಧತಿ ಅದು. ಕಚೇರಿಯವರಿಗೆ ಇಂಥ ಬುದ್ಧಿ ಎಲ್ಲಿಂದ ಬರಬೇಕು ಎಂದು ಆಗ ಬಾಯಿಗೆ ಬಂದಂತೆ ಬೈದಿದ್ದೆ.

ಕಾಫುಯಿಯ ತರಗತಿಯಲ್ಲಿ ಇದ್ದವರು ಇಪ್ಪತ್ತನಾಲ್ಕು ಜನ. ಫೋನ್ ಮಾಡೋಣವೆಂದರೆ ಅದು ಎರಡು ಸಾವಿರದ ಹನ್ನೊಂದು. ಪ್ರತಿಯೊಬ್ಬರ ಬಳಿ ಮೂರು ಸಿಮ್, ಯಾವ ಕಂಪನಿ ಮಾತು ಅಗ್ಗ ಮಾಡಿದರೆ ಆ ಕಡೆ ಹಾರಿಬಿಡುತ್ತಿದ್ದರು. ನನ್ನ ಪುಸ್ತಕದ ನಂಬರುಗಳಲ್ಲಿ ಒಂದನ್ನು ಕುಮಾಸಿಯ ಮಾಂಸದಂಗಡಿಯವನು ಎತ್ತಿದ. ಇನ್ನೊಂದು ಎತ್ತಿದವನು ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ಬದಲಾಗದೆ ಉಳಿದದ್ದು ಇಮೇಲ್ ವಿಳಾಸ ಒಂದೇ.

ಗಡುವಿನ ವಾರದ ಸೋಮವಾರ ಕಾಫುಯಿ ದೋಣಿಯಲ್ಲಿ ಸರೋವರ ದಾಟಿ, ಟ್ರೋಟ್ರೋ ವ್ಯಾನು ಹತ್ತಿ ನಮ್ಮ ಮನೆಗೆ ಬಂದಳು. ಅಕ್ಪ್ಲೆ ಮುದ್ದೆಯನ್ನು ಬೆಂಡೆಕಾಯಿ ಸಾರಿನಲ್ಲಿ ಅದ್ದಿ ಅದ್ದಿ ಸಮಾಧಾನವಾಗಿ ಉಣ್ಣುತ್ತಿದ್ದಳು. ನೋಡಿ ನನಗೆ ತಲೆ ಕೆಟ್ಟುಹೋಯಿತು.

"ನಿನಗೆ ನಾಲ್ಕು ದಿನ ಇದೆ ಕಣೇ. ನಾಲ್ಕೇ ದಿನ. ಗಂಟಲಲ್ಲಿ ಹೇಗಿಳಿಯುತ್ತೆ?"

"ಬೆಂಡೆಕಾಯಿ ಸಾರು ತಾನಾಗೇ ಇಳಿಯುತ್ತೆ," ಎಂದಳು. "ಅವರಿಗೂ ಏನೋ ಕೆಲಸ ಇರುತ್ತೆ, ಬಿಡು."

"ಎಲ್ಲರಿಗೂನಾ? ಒಂದೇ ಸಲಕ್ಕಾ? ಆರು ವಾರದಿಂದಾನಾ?"

"ಬೈಕೊಂಡು ಏನು ಮಾಡ್ತೀಯ ಅಸೇಯೆ?"

"ಹೋಗಿ ಎದುರಿಗೇ ಬೈತೀನಿ!"

ಹಾಗೇ ಮಾಡಿದೆ. ಕಾಫುಯಿಯ ಸಹಪಾಠಿಗಳಲ್ಲಿ ಎಲ್ಲಿದ್ದಾಳೆಂದು ನನಗೆ ಖಚಿತವಾಗಿ ಗೊತ್ತಿದ್ದವಳು ಮಾವುಸಿ ಒಬ್ಬಳೇ. ಹೊಹೊಯಿ ಎಂಬ ಊರಿನಲ್ಲಿ ಅವಳದೇ ಒಂದು ಹೆರಿಗೆಮನೆ ಇದೆ. ಎರಡು ಗಂಟೆ ಟ್ರೋಟ್ರೋದಲ್ಲಿ ಮೊಣಕಾಲು ಮುದುರಿ ಕುಳಿತು ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಜೋಡಿಸಿಕೊಂಡೆ. ಆದರೆ ಬಾಯಿ ತೆರೆಯಲು ಅವಳು ಬಿಟ್ಟರೆ ತಾನೆ? ಬಾಗಿಲಲ್ಲಿ ನನ್ನನ್ನು ಕಂಡದ್ದೇ ಮಾವುಸಿ ಕೈಯಲ್ಲಿದ್ದ ಬೋಗುಣಿಯನ್ನು ಠಣ್ಣೆಂದು ಮೇಜಿನ ಮೇಲೆ ಕುಕ್ಕಿದಳು.

"ಬಂದ್ಯಾ? ಈಗ ಬಂದ್ಯಾ? ಮುಖ ತೋರಿಸೋಕೆ ನಾಚಿಕೆ ಆಗಲಿಲ್ವಾ?"

"ನನಗೆ ನಾಚಿಕೆನಾ? ಉತ್ತರ ಬರೀದೆ ಕೂತಿರೋಳು ನೀನು!"

"ಉತ್ತರಾನಾ! ನನ್ನ ಅಮ್ಮ ಸತ್ತಾಗ ಎಲ್ಲಿದ್ರೇ ನೀವೆಲ್ಲ?"

ಅವಳ ಅಮ್ಮ ಸತ್ತದ್ದು ನನಗೆ ಗೊತ್ತಿರಲಿಲ್ಲ.

"ಮೇ ತಿಂಗಳಲ್ಲಿ," ಎಂದಳು ಮಾವುಸಿ. "ಗುಂಪಿಗೆ ಬರೆದೆ. ದಿನ ಬರೆದೆ, ಜಾಗ ಬರೆದೆ, ಯಾವ ಬಣ್ಣದ ಬಟ್ಟೆ ಅಂತಾನೂ ಬರೆದೆ. ನಮ್ಮ ಸಂಘದ ಹೆಸರಿನ ಹಲಗೆ ಹಾಕಿಸಿ ಚಪ್ಪರದ ಕೆಳಗೆ ಅರವತ್ತು ಕುರ್ಚಿ ಇಡಿಸಿದ್ದೆ. ಅರವತ್ತು! ನನ್ನ ಗಂಡನ ಕಡೆಯೋರು ಬೆಳಗಿನಿಂದ ಸಂಜೆ ತನಕ ಆ ಖಾಲಿ ಕುರ್ಚಿಗಳ ಎದುರಿಗೆ ಕೂತಿದ್ರು. ನನ್ನ ನಾದಿನಿ ಏನಂದ್ಲು ಗೊತ್ತಾ? 'ನಿಮ್ಮೋರು ಬಸ್ಸು ತಪ್ಪಿಸಿಕೊಂಡ್ರಾ ಅಕ್ಕಾ' ಅಂದ್ಲು. ಎಲ್ಲರ ಮುಂದೆ."

ನಮ್ಮಲ್ಲಿ ಸಾಲ ತೀರಿಸದವನನ್ನು ಕ್ಷಮಿಸುತ್ತಾರೆ, ಗಂಡನನ್ನು ಬಿಟ್ಟು ಹೋದವಳನ್ನೂ ಕ್ಷಮಿಸುತ್ತಾರೆ. ಸಾವಿಗೆ ಬರದವರನ್ನು ಕ್ಷಮಿಸುವುದಿಲ್ಲ. ನನ್ನ ತಾಯಿಯ ಸಾವಿಗೆ ಮಾವುಸಿ ಎರಡು ದಿನ ಮೊದಲೇ ಬಂದು ಪಾತ್ರೆ ತೊಳೆದಿದ್ದಳು.

"ನನಗೆ ಆ ಪತ್ರ ಬಂದಿಲ್ಲ ಮಾವುಸಿ," ಎಂದೆ.

"ಸುಳ್ಳು ಹೇಳಬೇಡ."

"ನನ್ನ ಮಕ್ಕಳಾಣೆ ಬಂದಿಲ್ಲ. ನನ್ನ ಪತ್ರ ನಿನಗೆ ಬಂತಾ? ಕಾಫುಯಿ ವಿಷಯ? ನಾಲ್ಕು ಪತ್ರ?"

"ಕಾಫುಯಿಗೆ ಏನಾಯ್ತು?"

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆಮೇಲೆ ಅವಳು ಒಳಗಿನ ಕೋಣೆಗೆ ಹೋಗಿ ಕಂಪ್ಯೂಟರ್ ತೆರೆದಳು. ಅವಳು ಮೇ ತಿಂಗಳಲ್ಲಿ ಕಳುಹಿಸಿದ ಪತ್ರ ಕಳುಹಿಸಿದವುಗಳ ಸಾಲಿನಲ್ಲಿ ಇತ್ತು, ದಿನ, ಜಾಗ, ಬಟ್ಟೆಯ ಬಣ್ಣ ಎಲ್ಲ ಸರಿಯಾಗಿ. ಬಂದವುಗಳ ಸಾಲಿನಲ್ಲಿ ನಮ್ಮ ಸಂಘದ ಕೊನೆಯ ಪತ್ರ ಏಪ್ರಿಲ್‌ನದು, ಮೇಡಂ ಫಿಡೆಲಿಯಾ ದಿನಾ ಬೆಳಿಗ್ಗೆ ಎಲ್ಲರಿಗೂ ದಾಟಿಸುತ್ತಿದ್ದ ಉದ್ದನೆಯ ಪ್ರಾರ್ಥನೆಗಳಲ್ಲಿ ಒಂದು. ಅಲ್ಲಿಂದ ಈಚೆಗೆ ಏನೂ ಇಲ್ಲ, ಒಂದು ಸಾಲೂ ಇಲ್ಲ.

"ನೀವೆಲ್ಲ ನನ್ನ ದೂರ ಇಟ್ಟಿದೀರಿ ಅಂದ್ಕೊಂಡಿದ್ದೆ," ಎಂದಳು.

"ನೀವೆಲ್ಲ ಕಲ್ಲುಬಂಡೆಗಳು ಅಂದ್ಕೊಂಡಿದ್ದೆ ನಾನು."

ಅವಳು ನಗಲಿಲ್ಲ. "ಕಾಫುಯಿಗೆ ನಾನು ಬರ್ತೀನಿ ಅಂತ ಹೇಳು. ಇನ್ನೊಬ್ಬಳನ್ನ ನೀನು ಹುಡುಕು. ನನ್ನ ಪತ್ರ ಯಾರು ನುಂಗಿದ್ರು ಅಂತಾನೂ ಹುಡುಕು. ಅದು ತಿಳಿಯೋ ತನಕ ನನ್ನ ಮನೇಲಿ ನಿನಗೆ ನೀರೂ ಇಲ್ಲ."

ನಿಜಕ್ಕೂ ನೀರು ಕೊಡಲಿಲ್ಲ. ನಮ್ಮ ನಾಡಿನಲ್ಲಿ ಬಂದವರಿಗೆ ನೀರು ಕೊಡದಿರುವುದೆಂದರೆ ಕೆನ್ನೆಗೆ ಬಾರಿಸಿದ ಹಾಗೆ. ಬಾರಿಸಿಕೊಂಡು ಬಸ್ಸು ಹತ್ತಿದೆ.

ಮಂಗಳವಾರ ಬೆಳಿಗ್ಗೆ ಸೇನಾನುವಿನ ಇಂಟರ್‌ನೆಟ್ ಅಂಗಡಿಗೆ ಹೋದೆ. ಸೇನಾನು ಮೂವತ್ತರ ಹೆಂಗಸು. ಅವಳ ಇಬ್ಬರು ಮಕ್ಕಳನ್ನೂ ಹೊರಗೆ ತಂದವಳು ನಾನೇ. ನಮ್ಮ ಸಂಘದ ಪತ್ರಗಳೆಲ್ಲ ಹೊರಡುವ ಯಂತ್ರವನ್ನು ನೋಡಿಕೊಳ್ಳುವವಳು ಅವಳು. ಸುಟ್ಟ ಬಾಳೆಕಾಯಿಗೆ ಕಡಲೆಬೀಜ ನಂಜಿಕೊಂಡು ತಿನ್ನುತ್ತ ನನ್ನ ಕೂಗಾಟವನ್ನೆಲ್ಲ ಕೇಳಿ, ಕೈ ಒರೆಸಿಕೊಂಡು ಒಂದು ಪ್ರಶ್ನೆ ಕೇಳಿದಳು.

"ವಾಪಸ್ ಬಂದ ಪತ್ರಗಳು ಯಾರಿಗೆ ಹೋಗ್ತವೆ ಆಂಟಿ?"

"ವಾಪಸ್ ಬರೋದು ಅಂದ್ರೆ?"

ತಲುಪದ ಪತ್ರಗಳು ಹೋಗುವುದು ಸಂಘದ ವಿಳಾಸಗಳ ಪಟ್ಟಿಯ ಒಡತಿಗೆ; ಅದು ಯಾರೆಂದು ಅವಳು ನೋಡಿದಳು. ಅಲ್ಲಿ ಇದ್ದದ್ದು ಎನ್ಯೋನಾಮ್‌ಳ ಹೆಸರು.

ಎನ್ಯೋನಾಮ್ ನನಗಿಂತ ಮುಂಚಿನ ಕಾರ್ಯದರ್ಶಿ. ಕಾಫುಯಿಯ ತರಗತಿಯವಳು, ನನ್ನ ಜೀವದ ಗೆಳತಿ. ಎರಡು ಸಾವಿರದ ಮೂರರ ವಾರ್ಷಿಕ ಸಭೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಕಂಪ್ಯೂಟರಿನ ಮುಂದೆ ಕುಳಿತು, ಸಾಲು ನಿಲ್ಲಿಸಿ, ನಮಗೆಲ್ಲ ಇಮೇಲ್ ವಿಳಾಸ ಮಾಡಿಕೊಟ್ಟವಳು ಅವಳೇ. ಎಲ್ಲರಿಗೂ ಒಂದೇ ಕಂಪನಿಯಲ್ಲಿ. ಯಾವ ಕಂಪನಿ ಎಂದು ಯಾರೂ ಕೇಳಲಿಲ್ಲ, ನಲ್ಲಿಯಲ್ಲಿ ಯಾವ ಹೊಳೆಯ ನೀರು ಬರುತ್ತದೆಂದು ಯಾರು ಕೇಳುತ್ತಾರೆ? ಕಳೆದ ವರ್ಷ ಜನವರಿಯಲ್ಲಿ ಎನ್ಯೋನಾಮ್ ಸತ್ತಳು. ಕೆಲಸ ನನಗೆ ಬಂತು. ಹೆಸರು ಮಾತ್ರ ಅವಳದೇ ಉಳಿಯಿತು, ತೆಗೆಯುವುದು ನಮ್ಮ ಪದ್ಧತಿಯಲ್ಲ.

ಸಂಘದ ಯಂತ್ರದಲ್ಲೇ ಇದ್ದ ಆ ಪೆಟ್ಟಿಗೆಯನ್ನು ಸೇನಾನು ತನ್ನ ಕೀಲಿಯಿಂದಲೇ ತೆರೆದಳು. ಒಳಗೆ ಎಪ್ಪತ್ತು ಸಾವಿರಕ್ಕೂ ಮೀರಿ ಪತ್ರಗಳಿದ್ದವು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ಈ ಕಳುಹಿಸುವವರ ಮೇಲೆ ದೂರುಗಳಿವೆ, ಇವರು ನಂಬಲು ತಕ್ಕವರಲ್ಲ, ಪತ್ರವನ್ನು ಸ್ವೀಕರಿಸಲಾಗದು. ಮಾವುಸಿಯ ಅಮ್ಮನ ಸಾವಿನ ಸುದ್ದಿ ಅಲ್ಲಿ ಮುನ್ನೂರ ಹನ್ನೆರಡು ಸಲ ಬಿದ್ದಿತ್ತು. ನನ್ನ ಬೇಡಿಕೆಯೂ ಬಿದ್ದಿತ್ತು. ಎಂಟು ತಿಂಗಳಿನಿಂದ ನಾವು ಬರೆದದ್ದನ್ನೆಲ್ಲ ಆ ಕಂಪನಿ ಒಬ್ಬೊಬ್ಬರ ಬಾಗಿಲಿನಿಂದಲೂ ತಿರುಗಿಸಿ, ಸತ್ತವಳ ಮನೆಗೆ ತಂದು ಸುರಿದಿತ್ತು.

"ನಂಬಲು ತಕ್ಕವರಲ್ವಾ?" ಎಂದೆ. ನನ್ನ ದನಿ ಏರಿತು. "ಅರ್ಧ ಜಿಲ್ಲೆಯನ್ನ ನಮ್ಮ ಕೈಯಲ್ಲಿ ಹುಟ್ಟಿಸಿದೀವಿ! ಸತ್ತ ರಾಜಕುಮಾರನ ಚಿನ್ನ ಕೊಡ್ತೀನಿ ಅನ್ನೋ ಕಳ್ಳರ ಪತ್ರ ದಿನಾ ನನಗೆ ಬರುತ್ತಲ್ಲ, ಅದನ್ನ ಬಿಡ್ತಾರೆ. ಸೂಲಗಿತ್ತಿಯರ ಪತ್ರ ತಡೀತಾರೆ. ಯಾವ ನ್ಯಾಯ ಇದು?"

"ಕಳ್ಳರು ಜಾಣರು ಆಂಟಿ. ವಾರಕ್ಕೊಂದು ಮುಖವಾಡ ಹಾಕ್ತಾರೆ. ನೀವು ಅದೇ ಮುಖ ಹೊತ್ಕೊಂಡು ದಿನಾ ಹೋಗ್ತೀರಿ."

"ತಲೆಹರಟೆ ಬೇಡ. ಯಾಕೆ ಅಂತ ಹೇಳು."

ಅವಳು ಪಟ್ಟಿಯನ್ನು ತೆರೆದು ಒಂದು ವಿಳಾಸದ ಮೇಲೆ ಬೆರಳಿಟ್ಟಳು. "ಇವರು ಯಾರು?"

"ಗ್ರಾಸಿಯಾ. ತೀರಿಕೊಂಡು ಆರು ವರ್ಷ ಆಯ್ತು."

"ಇವರು?"

"ಅಪೆಲೆತೆ. ಅವಳೂ ಇಲ್ಲ."

"ಇವರಿಗೂ ಬರೀತೀರಾ?"

"ಎಲ್ಲರಿಗೂ ಬರೀತೀವಿ. ಅವರು ನಮ್ಮವರು."

ಸೇನಾನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ನೋಡಿ. ಪೆಟ್ಟಿಗೆ ತುಂಬಾ ದಿನ ಯಾರೂ ತೆರೀದೆ ಇದ್ರೆ ಕಂಪನಿ ಮುಚ್ಚಿಬಿಡುತ್ತೆ. ಮುಚ್ಚಿದ್ದೀವಿ, ಬರೀಬೇಡಿ ಅಂತ ಹೇಳುತ್ತೆ. ಗುರುತು ಪರಿಚಯ ಇರೋರಾದ್ರೆ ನಿಲ್ಲಿಸ್ತಾರೆ. ನಿಲ್ಲಿಸದೆ ಬರೀತಾನೇ ಇರೋನು ಯಾರು? ಎಲ್ಲೋ ಕದ್ದ ಪಟ್ಟಿ ಇಟ್ಕೊಂಡು, ಯಾರು ಸತ್ರು ಯಾರು ಬದುಕಿದ್ರು ಅಂತ ಗೊತ್ತಿಲ್ಲದೆ ಬರೆಯೋ ಮೋಸಗಾರ. ಕೆಲವು ಮುಚ್ಚಿದ ಪೆಟ್ಟಿಗೆಗಳನ್ನ ಅವರು ಇಂಥವರನ್ನ ಹಿಡಿಯೋಕೆ ಅಂತಲೇ ಕಾಯ್ತಿರ್ತಾರೆ. ನೀವು ಅದಕ್ಕೂ ದಿನಾ ಪ್ರಾರ್ಥನೆ ಕಳಿಸಿದೀರಿ."

"ಅದು ಫಿಡೆಲಿಯಾ ಮೇಡಂ ಕಳಿಸೋದು."

"ಅದೇ ಇನ್ನೊಂದು. ಆ ಪ್ರಾರ್ಥನೆ ಬೇಡ ಅಂತ ನಿಮ್ಮವರೇ ಎಷ್ಟು ಜನ 'ಇದು ಕಸ' ಅನ್ನೋ ಗುಂಡಿ ಒತ್ತಿದಾರೆ ನೋಡಿ. ಅಳಿಸೋಕೆ ಅದೇ ಸುಲಭ ಅಂದ್ಕೊಂಡಿರ್ತಾರೆ. ಒಂದೊಂದು ಒತ್ತಿಗೂ ಒಂದು ದೂರು."

ಆ ಗುಂಡಿಯನ್ನು ನಾನೂ ಒತ್ತಿದ್ದೆ. ಪ್ರತಿ ದಿನ ಬೆಳಿಗ್ಗೆ, ಚಹಾ ಕುಡಿಯುತ್ತ, ಖುಷಿಯಿಂದ ಒತ್ತಿದ್ದೆ.

"ಹಾಗಾದ್ರೆ ಕಂಪನಿಯೋರು ಒಂದು ಮಾತು ಕೇಳಬೇಕಿತ್ತು," ಎಂದೆ. "ನೀವು ಯಾರು, ಯಾಕೆ ಬರೀತೀರಿ ಅಂತ."

"ಎಪ್ಪತ್ತು ಸಾವಿರ ಸಲ ಹೇಳಿದಾರಲ್ಲ ಆಂಟಿ. ಎನ್ಯೋನಾಮ್ ಆಂಟಿಗೆ."

ಅವಳ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಅವಳದೇನು ತಪ್ಪು? ಅದಕ್ಕೇ ಇನ್ನಷ್ಟು ಸಿಟ್ಟು. ಬೈಯಲು ಒಬ್ಬ ಮನುಷ್ಯನಾದರೂ ಬೇಕಲ್ಲ! ಮೇಜಿನ ಹಿಂದೆ ಕುಳಿತ ಗುಮಾಸ್ತನೋ ಸೋಮಾರಿ ಅಂಚೆಯವನೋ ಇದ್ದಿದ್ದರೆ ನೀರಿಳಿಸಿ ಬರುತ್ತಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಯಾವುದೋ ದೇಶದ ಯಂತ್ರವೊಂದು ನಮ್ಮನ್ನು ಕಳ್ಳರ ಸಾಲಿಗೆ ಸೇರಿಸಿತ್ತು. ನನ್ನ ಸ್ವಂತ ಪೆಟ್ಟಿಗೆಗೆ ಬೀಗ ಬಿದ್ದದ್ದೂ ಅದಕ್ಕೇ. ಒಂದೇ ಏಟಿಗೆ ಮುನ್ನೂರು ಜನರನ್ನು ಬೈಯುವವಳು ಮನುಷ್ಯಳಿರಲಾರಳು ಎಂದು ಅದಕ್ಕೆ ಅನ್ನಿಸಿತ್ತು.

"ನಿನ್ನ ವಿಳಾಸದಿಂದ ಕಳಿಸು," ಎಂದೆ. "ಕಾಫುಯಿ ತರಗತಿಯವರಿಗೆ ಮಾತ್ರ."

"ಕಳಿಸ್ತೀನಿ. ಗುರುತಿಲ್ಲದ ಹೆಂಗಸು, ಅರ್ಜೆಂಟು ಅಂತಾಳೆ, ನಿಮ್ಮ ಸರ್ಟಿಫಿಕೇಟು ತಗೊಂಡು ಬಸ್ಸು ಹತ್ತಿ ಬನ್ನಿ ಅಂತಾಳೆ. ನೀವಾಗಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ನಮ್ಮಲ್ಲಿ ಇಂಥ ಪತ್ರ ಬಂದರೆ ಓದುವ ಮೊದಲೇ ಅಳಿಸುತ್ತೇವೆ. ಸಂಘದ ಹೆಸರಿನಿಂದ ಹೋದರೆ ಮಾತ್ರ ನಂಬುತ್ತಾರೆ.

"ಸಂಘದ ಹೆಸರಲ್ಲೇ ಹೋಗಬೇಕಾದ್ರೆ ಒಂದೇ ದಾರಿ," ಎಂದಳು ಸೇನಾನು. "ಸತ್ತವರನ್ನೆಲ್ಲ ಈಗಲೇ ತೆಗೀಬೇಕು. ತೆಗೆದಿದ್ದೀವಿ ಅಂತ ಕಂಪನಿಗೆ ಒಂದು ಅರ್ಜಿ ಹಾಕ್ತೀನಿ. ಆಮೇಲೂ ಒಂದೇ ಸಲ ಎಲ್ಲರಿಗೂ ಬೇಡ. ಮೊದಲು ಹತ್ತು ಜನಕ್ಕೆ. ಅದು ದಾಟಿದ್ರೆ ಇನ್ನು ಹತ್ತು. ಮನೆ ಬಿಟ್ಟು ಹೋದ ಸೊಸೆ ವಾಪಸ್ ಬರೋ ಹಾಗೆ, ಮೆಲ್ಲಗೆ."

ಮೇಡಂ ಫಿಡೆಲಿಯಾಗೆ ಫೋನ್ ಮಾಡಿದೆ. ಅವರ ನಂಬರ್ ಎಂದೂ ಬದಲಾಗುವುದಿಲ್ಲ, ಅವರ ಮಾತಿನ ಹಾಗೆ.

"ಎನ್ಯೋನಾಮ್‌ನ ತೆಗೀತೀಯಾ?" ಎಂದು ಕೇಳಿದರು, ನಾನು ಎಲ್ಲ ಹೇಳಿ ಮುಗಿಸಿದ ಮೇಲೆ. "ಒಂದು ಸಲ ಹೂತಿದ್ದು ಸಾಲದಾ?"

"ಮೇಡಂ, ಪತ್ರ ಯಾರಿಗೂ ತಲುಪ್ತಿಲ್ಲ."

"ನನ್ನ ಪ್ರಾರ್ಥನೆಗೆ ಯಾರೂ 'ಆಮೆನ್' ಬರೀತಿಲ್ಲ ಅಂತ ನಾನೂ ನೋಡಿದೀನಿ. ಜನರ ಭಕ್ತಿ ಕಡಿಮೆಯಾಗಿದೆ."

"ಭಕ್ತಿ ಅಲ್ಲ ಮೇಡಂ, ಕಂಪನಿ..."

"ಯಾವನೋ ಬಿಳಿಯನ ಕಂಪನಿಗೋಸ್ಕರ ನಮ್ಮ ಸತ್ತವರನ್ನ ಹೊರಗೆ ಹಾಕ್ಬೇಕಾ? ಮಾರ್ಚ್ ಸಭೇಲಿ ಮಾತಾಡೋಣ. ಅಲ್ಲಿ ತನಕ ಒಂದು ಹೆಸರು ಮುಟ್ಟಿದ್ರೆ ನೋಡು."

"ಮಾರ್ಚ್ ಹೊತ್ತಿಗೆ ಕಾಫುಯಿ ಹೆಸರೇ ಇರಲ್ಲ ಮೇಡಂ! ಬದುಕಿರೋಳ ಹೆಸರು!"

ಅವರು ಫೋನ್ ಇಟ್ಟರು. ನಾನು ಸೇನಾನುವಿನ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತೆ. ಬಂದದ್ದು ಅಳುವಲ್ಲ, ಸಿಟ್ಟು. ಫಿಡೆಲಿಯಾ ಮೇಲೆ, ಕಂಪನಿಯ ಮೇಲೆ. ಸಾಯುವ ಮುಂಚೆ ಈ ಪೆಟ್ಟಿಗೆಯ ಕೀಲಿಕೈಯನ್ನು ನನ್ನ ಕೈಗೆ ಕೊಡದೆ ಹೋದ ಎನ್ಯೋನಾಮ್ ಮೇಲೂ. ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಆರು ವಾರ ಬೈಗುಳ ಬರೆಯುವ ಬದಲು ಒಂದು ದಿನ ಇಲ್ಲಿಗೆ ಬಂದು ಕೇಳಿದ್ದರೆ ಸಾಕಿತ್ತು.

"ಎಲ್ಲಿ ಒತ್ತಬೇಕು, ತೋರಿಸು," ಎಂದೆ.

ನಲವತ್ತಮೂರು ಹೆಸರು. ಒಟ್ಟಿಗೆ ಆರಿಸಿ ಒಂದೇ ಸಲ ಅಳಿಸಬಹುದೆಂದು ಸೇನಾನು ಹೇಳಿದಳು. ಬೇಡವೆಂದೆ. ಮೊದಲು ಅಷ್ಟನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಒಂದೊಂದೇ ಹೆಸರನ್ನು ಜೋರಾಗಿ ಓದಿ, "ಇದ್ದಾಳೆ" ಎಂದು ನಾನೇ ಉತ್ತರ ಕೊಟ್ಟು, ಗುಂಡಿ ಒತ್ತಿದೆ. ಪಕ್ಕದ ಕಂಪ್ಯೂಟರುಗಳಲ್ಲಿ ಫುಟ್ಬಾಲ್ ನೋಡುತ್ತಿದ್ದವರು ತಿರುಗಿ ನೋಡಿದರು. ನೋಡಲಿ. ಎಂಟನೆಯ ಹೆಸರಿನಿಂದ ಸೇನಾನುವೂ ನನ್ನ ಜೊತೆ "ಇದ್ದಾಳೆ" ಅನ್ನತೊಡಗಿದಳು. ಯಾವ ಕಚೇರಿಯವರನ್ನು ಬೈದಿದ್ದೆನೋ ಅವರು ಮಾಡುವ ಕೆಲಸವನ್ನೇ ನಾನು ಮಾಡುತ್ತಿದ್ದೆ. ಎನ್ಯೋನಾಮ್‌ಳನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವಳ ಹೆಸರು ಬಂದಾಗ ಕುರ್ಚಿ ಹಿಂದೆ ಸರಿಸಿದೆ. ಗುಂಡಿ ಒತ್ತಿದವಳು ಸೇನಾನು.

ಹೊಸ ಪತ್ರ ಬರೆದೆ. ಕಾಫುಯಿಯ ವಿಷಯ ನಾಲ್ಕೇ ಸಾಲು. ಕೆಳಗೆ ಇನ್ನೊಂದು ಸಾಲು: 'ತೀರಿಕೊಂಡ ನಲವತ್ತಮೂರು ಜನರ ಹೆಸರನ್ನು ಈ ಪಟ್ಟಿಯಿಂದ ನಾನು ತೆಗೆದಿದ್ದೇನೆ, ಅಸೇಯೆ.' ಕದ್ದು ಮಾಡಿದಳು ಅನ್ನಬಾರದು. ಮೊದಲ ಹತ್ತು ಜನರಲ್ಲಿ ಒಂಬತ್ತು ಕಾಫುಯಿಯ ತರಗತಿಯವರು, ಹತ್ತನೆಯವರು ಮೇಡಂ ಫಿಡೆಲಿಯಾ. ಉತ್ತರಗಳಿಗೆಂದು ಸೇನಾನು ನನಗೊಂದು ಹೊಸ ಪೆಟ್ಟಿಗೆ ಮಾಡಿಕೊಟ್ಟಳು. ಕಂಪನಿ ಸಂಜೆಯವರೆಗೂ 'ಆಮೇಲೆ ಬನ್ನಿ' ಎಂದು ಸತಾಯಿಸಿತು.

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಪೆಟ್ಟಿಗೆಯಲ್ಲಿ ಒಂದು ಉತ್ತರವಿತ್ತು.

'ಯಾರು ಕೊಟ್ಟರು ನಿನಗೆ ಈ ಅಧಿಕಾರ? ಕಸ ಗುಡಿಸಿದ ಹಾಗೆ ನಮ್ಮ ಅಕ್ಕಂದಿರನ್ನು ಗುಡಿಸಿ ಹಾಕಿದ್ದೀಯಾ? ನಿನಗೆ ಕಾರ್ಯದರ್ಶಿಯ ಕೆಲಸವಲ್ಲ, ಕಟುಕರ ಕೆಲಸ ಸರಿ. ಫಿಡೆಲಿಯಾ.'

"ಬಂತು!" ಎಂದು ಕಿರುಚಿದೆ. "ಸೇನಾನು, ಬೈದಿದಾರೆ! ಪತ್ರ ತಲುಪಿದೆ ಕಣೇ!"

ನಾವಿಬ್ಬರೂ ಕೈ ಕೈ ಹಿಡಿದು ಕುಣಿದೆವು. ನನ್ನ ಜನ್ಮದಲ್ಲಿ ಅಷ್ಟು ಸಿಹಿಯಾದ ಬೈಗುಳ ಕೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇನ್ನೂ ಬಂದವು. ಒಬ್ಬಳಿಗೆ, ಕಾರ್ಯದರ್ಶಿಯಾದ ನಾನು ಎಂಟು ತಿಂಗಳು ಸುದ್ದಿ ಕೊಡದೆ ಮಲಗಿದ್ದೆನೆಂಬ ಸಿಟ್ಟು. ಇನ್ನೊಬ್ಬಳ ಮಗಳ ಮದುವೆಗೂ ಯಾರೂ ಹೋಗಿರಲಿಲ್ಲವಂತೆ. ಅಕ್ರಾದಲ್ಲಿದ್ದವಳಿಗೆ ರಜೆ ಸಿಗುವುದಿಲ್ಲ, ಲಂಡನ್ನಿನಲ್ಲಿದ್ದವಳು ಅಳುತ್ತ ಬರೆದಿದ್ದಳು. ಐದನೆಯದು ಉತ್ತರದ ತಮಾಲೆಯಿಂದ, ಪರ್ಪೆಚುವಾ ಎಂಬವಳದು. 'ಕಾಫುಯಿ ಮೂರು ವರ್ಷ ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗಿ ಗೊರಕೆ ಹೊಡೆದಿದ್ದಾಳೆ. ಅವಳು ಅಲ್ಲಿ ಇದ್ದದ್ದಕ್ಕೆ ನನಗಿಂತ ಸಾಕ್ಷಿ ಬೇಕೆ? ನಾಳೆಯ ಬಸ್ಸಿಗೆ ಹೊರಡುತ್ತೇನೆ.'

ಶುಕ್ರವಾರ ಹನ್ನೊಂದೂವರೆಗೆ ಪರ್ಪೆಚುವಾ ಊದಿದ ಕಾಲುಗಳನ್ನು ಎಳೆದುಕೊಂಡು ನೋಂದಣಿ ಕಚೇರಿಗೆ ಬಂದಳು. ಮಾವುಸಿ ಆಗಲೇ ಬಂದು ನನ್ನಿಂದ ಎರಡು ಬೆಂಚು ಆಚೆ ಕುಳಿತಿದ್ದಳು. ಗುಮಾಸ್ತ ಗಡಿಯಾರ ನೋಡಿದ, ಕಾಗದ ನೋಡಿದ, ಕಾಫುಯಿಯ ಮುಖ ನೋಡಿದ.

"ಇವರು ನಿಮ್ಮ ಜೊತೆ ಓದಿದೋರು ಅಂತ ನಂಬೋದು ಹೇಗೆ?"

"ಗೊರಕೆ ಹೊಡೆದು ತೋರಿಸಲಾ?" ಎಂದಳು ಕಾಫುಯಿ.

ಅವನೂ ನಕ್ಕುಬಿಟ್ಟ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮೊಹರು ಬಿತ್ತು. ಕಾಫುಯಿ ಕಾಗದವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಅಷ್ಟು ದಿನ ಸಮಾಧಾನವಾಗಿದ್ದವಳು ಹೊರಗೆ ಮಾವಿನ ಮರದ ಕೆಳಗೆ ಕುಕ್ಕರಿಸಿ ಹತ್ತು ನಿಮಿಷ ಬಿಕ್ಕಿ ಬಿಕ್ಕಿ ಅತ್ತಳು. ಅವಳಿಗೆ ಹೆದರಿಕೆಯೇ ಇಲ್ಲವೆಂದು ನಾನು ತಿಳಿದಿದ್ದೆ.

ಊಟಕ್ಕೆ ಎಲ್ಲರೂ ನಮ್ಮ ಮನೆಗೆ ಎಂದೆ. ಮಾವುಸಿ ಚೀಲ ಹೆಗಲಿಗೇರಿಸಿದಳು.

"ನಾನು ಬಂದಿದ್ದು ಕಾಫುಯಿಗೆ."

"ಮಾವುಸಿ, ಎಲ್ಲ ಹೇಳಿದೆನಲ್ಲ. ಪತ್ರ ಬರಲೇ ಇಲ್ಲ. ಯಾರದೂ ತಪ್ಪಲ್ಲ."

"ಗೊತ್ತು. ನನ್ನ ತಲೆಗೆ ಗೊತ್ತು," ಎಂದಳು. "ಆ ಕುರ್ಚಿಗಳನ್ನ ನೋಡ್ತಾ ನೋಡ್ತಾ ಮಣ್ಣಿಗೆ ಹೋದಳಲ್ಲ ನನ್ನ ಅಮ್ಮ, ಅವಳಿಗೆ ಯಾರು ಹೇಳ್ತೀರಿ? ಕಂಪನಿ ಹೇಳುತ್ತಾ?"

ಅವಳು ಟ್ರೋಟ್ರೋ ಹತ್ತಿ ಹೋದಳು.

ಮೇ ತಿಂಗಳಲ್ಲಿ ಅವಳ ಅಮ್ಮನ ವರ್ಷದ ದಿನ ಬಂತು. ಪತ್ರ ಹೋಯಿತು, ಇಪ್ಪತ್ತಿಪ್ಪತ್ತು ಜನರಿಗೆ, ಮೆಲ್ಲಗೆ. ವಾಪಸ್ ಬಂದ ಪತ್ರಗಳ ಪೆಟ್ಟಿಗೆಯನ್ನು ಈಗ ನಾನು ದಿನಾ ಬೆಳಿಗ್ಗೆ ತೆರೆದು ನೋಡುತ್ತೇನೆ. ಅಂದು ಅದು ಖಾಲಿಯಿತ್ತು. ಮಾವುಸಿ ಉತ್ತರ ಬರೆಯಲಿಲ್ಲ, ಬೇಡವೆಂದೂ ಬರೆಯಲಿಲ್ಲ. ಹೊಹೊಯಿಗೆ ಹೋಗಿ ನೋಡಿದರೆ ಅದೇ ಚಪ್ಪರ, ಅದೇ ಹಲಗೆ, ಅರವತ್ತು ಪ್ಲಾಸ್ಟಿಕ್ ಕುರ್ಚಿ. ಅವಳ ನಾದಿನಿ ಎದುರು ಸಾಲಿನಲ್ಲಿ ಕುಳಿತು ನೋಡುತ್ತಿದ್ದಳು. ಕಪ್ಪು-ಬಿಳಿ ಬಟ್ಟೆಯಲ್ಲಿ ನಮ್ಮವರು ಬಸ್ಸು ಬಸ್ಸಾಗಿ ಇಳಿದರು. ಕುರ್ಚಿಗಳು ತುಂಬಿದವು, ಒಂದನ್ನು ಬಿಟ್ಟು. ಆಮೇಲೆ ಬಂದವರು ಚಪ್ಪರದ ಕಂಬಗಳಿಗೆ ಒರಗಿ ನಿಂತರು. ನಾನೂ ನಿಂತೆ.

ಎಲ್ಲರಿಗಿಂತ ತಡವಾಗಿ ಮೇಡಂ ಫಿಡೆಲಿಯಾ ಬಂದರು, ಕೋಲೂರಿಕೊಂಡು. ಐದಾರು ತಿಂಗಳಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದರು. ಸುತ್ತಲೂ ನೋಡಿ, ಖಾಲಿ ಇದ್ದ ಆ ಒಂದು ಕುರ್ಚಿಯ ಕಡೆ ನಡೆದು ಇನ್ನೇನು ಕೂರಬೇಕು, ಮಾವುಸಿ ಬಂದು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು.

"ಅದು ಕಾಫುಯಿದು ಮೇಡಂ."

"ಅವಳೆಲ್ಲಿ?"

"ಅಗೋರ್ಕೊಪೇಲಿ. ಯಾರಿಗೋ ನೋವು ಶುರುವಾಗಿದೆ, ಹೆರಿಗೆ ಮುಗಿಸಿ ಬರ್ತೀನಿ ಅಂತ ಬರೆದಿದ್ಲು. ಬೆಳಿಗ್ಗೆ ಪತ್ರ ಬಂತು ನನಗೆ." ಮಾವುಸಿ ಎದುರು ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಈ ಒಂದು ಕುರ್ಚಿ ಖಾಲಿ ಇರಲಿ. ನೀವು ನಿಂತ್ಕೊಳ್ಳಿ. ಹೋದ ಸಲ ಅರವತ್ತು ಇದ್ವು."

ಮೇಡಂ ಫಿಡೆಲಿಯಾ ಆ ಕುರ್ಚಿಯನ್ನೊಮ್ಮೆ, ಎದುರು ಸಾಲನ್ನೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಬಂದು ನನ್ನ ಪಕ್ಕದ ಕಂಬಕ್ಕೆ ಒರಗಿ ನಿಂತರು.